ಸುಣ್ಣ ಅಳತೆಗೆ ಹಾಕಿದರೂ ಚಾಕು ಕೆಂಪಾಗುತ್ತೆ, ನೀರಿನ ತಪ್ಪಾ?

ಅಡ್ಮಿನ್: ಈ ವಾರ ನಮ್ಮ ಬೆಳೆಗಾರರ ಗುಂಪಿನಲ್ಲಿ ಉತ್ತರ ಕೊಡುವವರು ಹಾಸನದಲ್ಲಿ ಮಣ್ಣು, ನೀರು ಪರೀಕ್ಷೆ ಮಾಡುವ ಕೆಮಿಸ್ಟ್ ಮೇಡಂ. ಆಮ್ಲ, ಸುಣ್ಣ, ನೀರಿನ ಬಗ್ಗೆ ಏನಿದ್ದರೂ ಕೇಳಿ. ಗುಡ್ ಮಾರ್ನಿಂಗ್ ಫೋಟೋ ದಯವಿಟ್ಟು ಬೇಡ.

ಮೂಡಿಗೆರೆ ಕಡೆಯ ಬೆಳೆಗಾರ: ನಮಸ್ಕಾರ ಮೇಡಂ. ಕಾಫಿಗೆ ಶಿಲೀಂಧ್ರ ರೋಗ ಬರದಂತೆ ಹೊಡೆಯುವ ಬೋರ್ಡೋ ದ್ರಾವಣ ಅರ್ಧ ಪರ್ಸೆಂಟ್ ಮಾಡಿದೆವು. 200 ಲೀಟರ್ ಬ್ಯಾರೆಲ್‌ಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ. ಚಾಕು ಅದ್ದಿದರೆ ಕೆಂಪಾಗಿ ಬರುತ್ತಿದೆ. ಹಳ್ಳದ ನೀರು, ಮೀಟರ್‌ನಲ್ಲಿ ಪಿಎಚ್ 6.2, ಅಂದರೆ 7ಕ್ಕಿಂತ ಕಡಿಮೆ, ಹುಳಿ ಕಡೆಗೆ. ನೀರೇ ಹುಳಿ, ಅದಕ್ಕೇ ಹೀಗೆ ಅಂತ ಪಕ್ಕದ ತೋಟದವರು ಹೇಳುತ್ತಾರೆ. ಹೌದಾ?

ಮೇಡಂ: ಪಾಪ, ಹಳ್ಳದ ತಪ್ಪಿಲ್ಲ. ಪಿಎಚ್ 6.2 ಇರುವ 200 ಲೀಟರ್ ನೀರಿನ ಹೈಡ್ರೋಜನ್ ಅಯಾನುಗಳನ್ನು (ಹುಳಿ ತರುವ, ವಿದ್ಯುತ್ ಆವೇಶ ಇರುವ ಕಣಗಳನ್ನು) ಮುಗಿಸಲು ಸುಮಾರು 5 ಮಿಲಿಗ್ರಾಂ ಸುಣ್ಣ ಸಾಕು. ಹೌದು, ಮಿಲಿಗ್ರಾಂ. ನೀರಲ್ಲಿ ಕರಗಿರುವ ಕಾರ್ಬನ್ ಡೈಆಕ್ಸೈಡ್ ಸೇರಿಸಿದರೂ ಕೆಲವೇ ಗ್ರಾಂ. ನೀವು ಹಾಕಿರುವುದು ಒಂದು ಕೆಜಿ!

ಬ್ಯಾರೆಲ್‌ನಲ್ಲಿ ಹುಳಿ ತರುವುದು ಮೈಲುತುತ್ತ. ನೀರಿಗೆ ಬಿದ್ದ ಕೂಡಲೇ ಅದು ತಾಮ್ರದ ಅಯಾನು, ಸಲ್ಫೇಟ್ ಅಯಾನು ಅಂತ ಬೇರೆಯಾಗುತ್ತದೆ. ತಾಮ್ರದ್ದು ಎರಡು ಧನ ಆವೇಶ. ಸುತ್ತಲಿನ ನೀರಿನ ಕಣಗಳನ್ನು ಬಿಗಿಯಾಗಿ ಎಳೆದುಕೊಳ್ಳುತ್ತದೆ. ಆ ಎಳೆತಕ್ಕೆ ಕೆಲವು ಕಣಗಳಿಂದ ಹೈಡ್ರೋಜನ್ ಅಯಾನು ಕಳಚಿಕೊಳ್ಳುತ್ತದೆ. ಯಾವ ಆಮ್ಲವನ್ನೂ ಹಾಕದೆ ಪಿಎಚ್ ಸುಮಾರು 4ಕ್ಕೆ ಇಳಿಯುತ್ತದೆ.

ಸುಣ್ಣ ಕೊಡುವುದು ಹೈಡ್ರಾಕ್ಸೈಡ್ ಅಯಾನು. ಅದು ತಾಮ್ರವನ್ನು ಹಿಡಿದು ಕರಗದ ತಿಳಿನೀಲಿ ಕಣ ಮಾಡುತ್ತದೆ. ಎಲೆ ಮೇಲೆ ಕೂರಬೇಕಾದದ್ದು ಇದೇ. ಹೈಡ್ರಾಕ್ಸೈಡ್ ಸಾಲದಿದ್ದರೆ ತಾಮ್ರ ನೀರಲ್ಲೇ ಉಳಿಯುತ್ತೆ. ಆಗ ಚಾಕು ಅದ್ದಿದರೆ ಕಬ್ಬಿಣ ತಾನು ಕರಗುತ್ತಾ ತಾಮ್ರಕ್ಕೆ ಎಲೆಕ್ಟ್ರಾನ್ ಕೊಡುತ್ತದೆ, ತಾಮ್ರ ಲೋಹವಾಗಿ ಅಲಗಿನ ಮೇಲೆ ಕೂರುತ್ತದೆ. ನೀವು ನೋಡಿದ ಕೆಂಪು ಅದು, ತುಕ್ಕಲ್ಲ. ಹಾಗೇ ಹೊಡೆದರೆ ಎಳೆ ಎಲೆ ಸುಡುತ್ತೆ.

ಈಗ ಲೆಕ್ಕ ನೋಡಿ. 1 ಕೆಜಿ ಮೈಲುತುತ್ತದ ತಾಮ್ರವನ್ನೆಲ್ಲ ಹಿಡಿಯಲು ಶುದ್ಧ ಅರಳಿದ ಸುಣ್ಣ ಸುಮಾರು 300 ಗ್ರಾಂ ಸಾಕು. ಅದರ ಮೂರು ಪಟ್ಟಿಗಿಂತ ಜಾಸ್ತಿ ಹಾಕಿದ ಮೇಲೂ ಚಾಕು ಕೆಂಪಾಗಿದೆ. ಸುಣ್ಣ ಯಾವಾಗ ತಂದದ್ದು?

ಮೂಡಿಗೆರೆ ಕಡೆಯ ಬೆಳೆಗಾರ: ಹೋದ ವರ್ಷದ್ದು ಮೇಡಂ. ಚೀಲದ ಬಾಯಿ ಬಿಚ್ಚಿತ್ತು. ಆದರೆ ತೂಕ ಮಾಡಿಯೇ ಹಾಕಿದ್ದು.

ಮೇಡಂ: ತೂಕ ನಂಬಿ ಕೆಟ್ಟಿರಿ. ಬಾಯಿ ಬಿಚ್ಚಿದ ಸುಣ್ಣ ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಎಳೆದುಕೊಂಡು ಕಾರ್ಬನೇಟ್ ಆಗುತ್ತದೆ. ನಮ್ಮ ಮಳೆಗಾಲದ ತೇವದಲ್ಲಿ ಇದು ಇನ್ನೂ ಬೇಗ. 74 ಗ್ರಾಂ ಒಳ್ಳೆ ಸುಣ್ಣ 100 ಗ್ರಾಂ ಕಾರ್ಬನೇಟ್ ಆಗುತ್ತೆ. ತೂಕ ಏರುತ್ತೆ, ಶಕ್ತಿ ಹೋಗುತ್ತೆ. ಕಾರ್ಬನೇಟ್ ನೀರಲ್ಲಿ ಕರಗುವುದೇ ಅಪರೂಪ, ಹೈಡ್ರಾಕ್ಸೈಡ್ ಎಲ್ಲಿಂದ ಬರಬೇಕು?

ಒಂದು ಚಮಚ ಸುಣ್ಣಕ್ಕೆ ನಿಂಬೆಹಣ್ಣು ಹಿಂಡಿ. ಚೆನ್ನಾಗಿರುವ ಸುಣ್ಣ ನೊರೆ ಬರಿಸಲ್ಲ. ಬುಸ್ ಅಂದರೆ ಕಾರ್ಬನೇಟ್. ಈ ಬ್ಯಾರೆಲ್ ಚೆಲ್ಲಬೇಡಿ. ಹೊಸ ಸುಣ್ಣ ನೀರಲ್ಲಿ ಕದಡಿ, ಸೋಸಿ, ಸ್ವಲ್ಪ ಸ್ವಲ್ಪ ಸೇರಿಸುತ್ತಾ ಚಾಕು ಅದ್ದಿ ನೋಡಿ. ಅಲಗು ಹೊಳೆಯುತ್ತಲೇ ಇದ್ದರೆ ಸರಿ. ಅದೇ ದಿನ ಹೊಡೆದು ಮುಗಿಸಿ.

ಸಕಲೇಶಪುರದ ಸದಸ್ಯೆ: ಮೇಡಂ, ಸುಣ್ಣಕ್ಕೆ ತುತ್ತ ಸುರಿಯಬೇಕು, ತಿರುಗಿಸಿ ಮಾಡಬಾರದು ಅಂತ ನಮ್ಮ ಮಾವ ಬೈಯ್ಯುತ್ತಾರೆ. ಸುಮ್ನೆ ಶಾಸ್ತ್ರನಾ?

ಮೇಡಂ: ಮಾವನವರು ಹೇಳುವುದು ಸರಿ. ಸುಣ್ಣದ ನೀರಿನ ಪಿಎಚ್ 12ರ ಮೇಲೆ. ಅಲ್ಲಿಗೆ ಬಿದ್ದ ತುತ್ತದ ಹನಿಗೆ ಸುತ್ತಲೂ ಹೈಡ್ರಾಕ್ಸೈಡ್ ಸಿಗುತ್ತೆ, ಕಣ ನುಣ್ಣಗೆ ಬರುತ್ತೆ. ತಿರುಗಿಸಿದರೆ ಕಣ ದಪ್ಪ, ಬೇಗ ತಳ ಸೇರುತ್ತೆ, ನಾಜಲ್ ಕಟ್ಟುತ್ತೆ. ತುತ್ತ ಕರಗಿಸಲು ಕಬ್ಬಿಣ, ತಗಡಿನ ಪಾತ್ರೆ ಬೇಡ. ಚಾಕುವಿಗೆ ಆದದ್ದೇ ಬಕೆಟ್ಟಿಗೂ ಆಗುತ್ತೆ.

ಮೂಡಿಗೆರೆ ಕಡೆಯ ಬೆಳೆಗಾರ: ನಿಂಬೆಗೆ ಬುಸ್ ಅಂತು ಮೇಡಂ. ಚೀಲ ಎಸೆಯಲಾ?

ಮೇಡಂ: ಎಸೆಯಬೇಡಿ! ಹುಳಿ ಮಣ್ಣಿಗೆ ಹಾಕುವ ಕೃಷಿ ಸುಣ್ಣವೂ ಕಾರ್ಬನೇಟೇ. ಮಣ್ಣು ಪರೀಕ್ಷೆ ಮಾಡಿಸಿ, ಬೇಕಿದ್ದಷ್ಟು ತೋಟಕ್ಕೆ ಹಾಕಿ. ಯೂರಿಯಾ ಜೊತೆ ಮಾತ್ರ ಬೇಡ, ಸಾರಜನಕ ಅಮೋನಿಯ ಆಗಿ ಹಾರಿಹೋಗುತ್ತೆ.

ಕಡೂರಿನ ಅಡಿಕೆ ಬೆಳೆಗಾರ: ಅಕ್ಕಾ, ನಮ್ಮ ಬೋರ್ ನೀರು ಎತ್ತಿದಾಗ ಪಿಎಚ್ 7.1. ಬಕೆಟ್‌ನಲ್ಲಿಟ್ಟು ಬೆಳಿಗ್ಗೆ ನೋಡಿದರೆ 8! ಮೀಟರ್ ಕೆಟ್ಟಿದೆಯಾ? ಡ್ರಿಪ್ಪಲ್ಲೂ ಬಿಳಿ ಕಟ್ಟುತ್ತೆ. ಸ್ವಲ್ಪ ಆಸಿಡ್ ಹಾಕಿದೆ, ಪಿಎಚ್ ಅಲ್ಲಾಡಲೇ ಇಲ್ಲ. ಇನ್ನಷ್ಟು ಹಾಕಿದೆ, ಒಂದೇ ಸಲ ಬಿತ್ತು.

ಮೇಡಂ: ಮೀಟರ್ ಸರಿಯಾಗಿದೆ. ಭೂಮಿಯೊಳಗಿನ ನೀರಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಕರಗಿರುತ್ತೆ, ಅದು ಕಾರ್ಬಾನಿಕ್ ಆಮ್ಲ. ಹೊರಗೆ ಬಂದು ನಿಂತಾಗ ಗಾಳಿಗೆ ಹೋಗುತ್ತೆ, ಆಮ್ಲ ಕಡಿಮೆಯಾಗಿ ಪಿಎಚ್ ಏರುತ್ತೆ. ಬೈಕಾರ್ಬನೇಟ್ ಕಾರ್ಬನೇಟ್ ಆಗಿ ಕ್ಯಾಲ್ಸಿಯಂ ಜೊತೆ ಸೇರಿ ಡ್ರಿಪ್ಪರ್ ಬಾಯಲ್ಲಿ ಕೂರುತ್ತೆ.

ನೀವು ಹಾಕಿದ ಆಸಿಡ್ಡನ್ನು ಮೊದಲು ನುಂಗಿದ್ದು ಈ ಬೈಕಾರ್ಬನೇಟ್. ಅದು ಮುಗಿಯುವ ತನಕ ಪಿಎಚ್ ನಿಧಾನ, ಮುಗಿದ ಮೇಲೆ ದಬಕ್ಕನೆ ಬೀಳುತ್ತೆ. ಈ ನುಂಗುವ ಶಕ್ತಿಗೆ ಕ್ಷಾರೀಯತೆ ಅನ್ನುತ್ತಾರೆ. ಲೀಟರಿಗೆ 300 ಮಿಲಿಗ್ರಾಂ ಕ್ಷಾರೀಯತೆಯ ಬೋರ್ ನೀರಿಗೆ, 20 ಇರುವ ಹಳ್ಳದ ನೀರಿಗಿಂತ 15 ಪಟ್ಟು ಆಸಿಡ್ ಬೇಕು. ಎರಡರ ಪಿಎಚ್ ಒಂದೇ ಇದ್ದರೂ ಸರಿ! ಅದಕ್ಕೇ ಪಿಎಚ್ ಒಂದನ್ನೇ ನೋಡಿ ಆಸಿಡ್ ಸುರಿಯಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು. ಕ್ಷಾರೀಯತೆ ಪರೀಕ್ಷೆ ಮಾಡಿಸಿ, ಪ್ರಮಾಣ ಬರೆದುಕೊಡುತ್ತಾರೆ. ಯಾವಾಗಲೂ ನೀರಿಗೆ ಆಸಿಡ್ ಹಾಕಿ, ಆಸಿಡ್‌ಗೆ ನೀರು ಹಾಕಬೇಡಿ. ಕಣ್ಣಿಗೆ ಕನ್ನಡಕ ಇರಲಿ.

ಹಾಸನದ ಗೃಹಿಣಿ: ನಮ್ಮ ಮನೆಗೆ ಫಿಲ್ಟರ್ ಮಾರುವವರು ಬಂದಿದ್ದರು. ನಲ್ಲಿ ನೀರಿಗೆ ಎರಡು ಕಂಬಿ ಇಟ್ಟು ಕರೆಂಟ್ ಕೊಟ್ಟರು. ನೀರು ಕಂದುಬಣ್ಣ! ಅವರ ಫಿಲ್ಟರ್ ನೀರು ಹಾಗೇ ಇತ್ತು. ಇಷ್ಟು ಕೊಳೆ ಕುಡಿಯುತ್ತಿದ್ದೇವಾ?

ಮೇಡಂ: ಆ ಕಂದು ಬಂದದ್ದು ಕಬ್ಬಿಣದ ಕಂಬಿಯಿಂದ, ನೀರಿನಿಂದಲ್ಲ. ಅಯಾನು ಇರುವ ನೀರಲ್ಲಿ ಕರೆಂಟ್ ಹರಿಯುತ್ತೆ, ಕಂಬಿ ಕರಗುತ್ತೆ. ಫಿಲ್ಟರ್ ನೀರಲ್ಲಿ ಅಯಾನು ಕಡಿಮೆ, ಅಷ್ಟೇ. ಮುಂದಿನ ಸಲ ಅವರ ನೀರಿಗೇ ಎರಡು ಚಿಟಿಕೆ ಉಪ್ಪು ಹಾಕಿ, ಈಗ ಕರೆಂಟ್ ಕೊಡಿ ಅನ್ನಿ.

ಟಿಡಿಎಸ್ (ನೀರಲ್ಲಿ ಕರಗಿರುವ ಒಟ್ಟು ಪದಾರ್ಥ) ಮೀಟರ್ ಕೂಡ ಅಳೆಯುವುದು ವಿದ್ಯುತ್ ಹರಿವನ್ನೇ. ಸಕ್ಕರೆ ಕರಗಿಸಿದರೆ ಅದಕ್ಕೆ ಗೊತ್ತೇ ಆಗಲ್ಲ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ದಾರಿಯಿಲ್ಲದಿದ್ದರೆ 2000 ತನಕ. ಆದರೆ ಫ್ಲೋರೈಡ್ ಮಿತಿ 1, ಗರಿಷ್ಠ 1.5 ಮಿಲಿಗ್ರಾಂ. ಮೀಟರ್ 300 ತೋರಿಸಿದಾಗ ಅದರಲ್ಲಿ ಫ್ಲೋರೈಡ್ ಎಷ್ಟು, ನೈಟ್ರೇಟ್ ಎಷ್ಟು ಅಂತ ಹೇಳಲ್ಲ. ಬೋರ್ ನೀರು ಕುಡಿಯುವವರು ಅವೆರಡನ್ನೂ ಹೆಸರು ಹೇಳಿ ಪರೀಕ್ಷೆಗೆ ಬರೆಸಿ.