ಪೇಜ್‌ಮೇಕರ್ ಫೈಲು ತೆರೆಯೋದು ಹೇಗೆ? ಅನುಭವ ಇದ್ದವರು ಹೇಳಿ

ಚಳ್ಳಕೆರೆ ಸೊಸೆ:
ನಮ್ಮ ಮಾವನವರು ಹಳ್ಳಿ ಹೆಂಗಸರ ಹತ್ತಿರ ಕೂತು ಸೋಬಾನೆ ಪದ ಬರೆದುಕೊಂಡು 2002ರಲ್ಲಿ ಪುಸ್ತಕ ಮಾಡಿಸಿದ್ದರು. ಈಗ ಮನೆಯಲ್ಲಿ ಇರುವುದು ಒಂದೇ ಪ್ರತಿ, ಅದರಲ್ಲೂ ನಡುವೆ ಕೆಲವು ಪುಟ ಇಲ್ಲ. ಅಚ್ಚಿಗೆ ಕೊಟ್ಟ ಸಿಡಿ ಸಿಕ್ಕಿದೆ. ಫೈಲುಗಳ ಹೆಸರಿನ ಕೊನೆಗೆ ಪಿ65 ಅಂತ ಇದೆ, ಅಂದರೆ ಪುಟ ಜೋಡಿಸುವ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್ 6.5ರ ಫೈಲಂತೆ. ನಮ್ಮ ಲ್ಯಾಪ್‌ಟಾಪಿನಲ್ಲಿ ತೆರೆಯುತ್ತಿಲ್ಲ. ಯಾವ ಫಾಂಟು ಅಂತಲೂ ಗೊತ್ತಿಲ್ಲ. ಮರುಮುದ್ರಣ ಮಾಡಿಸಬೇಕು. ದಾವಣಗೆರೆ, ದುರ್ಗದ ಕಡೆ ಯಾರಾದರೂ ಇಂಥದ್ದು ಮಾಡಿಸಿದ್ದೀರಾ?

ಮಂಡಿಪೇಟೆ ಡಿಟಿಪಿ:
ವಿಂಡೋಸ್ ಎಕ್ಸ್‌ಪಿ ಇರುವ ಹಳೇ ಪಿಸಿ ಗುಜರಿಗೆ ಹಾಕು ಅಂತ ಎಲ್ಲರೂ ಹೇಳಿದರು. ನಾನು ಹಾಕಲಿಲ್ಲ. 2014ರಲ್ಲಿ ಎಕ್ಸ್‌ಪಿಗೆ ಅಪ್‌ಡೇಟ್ ನಿಂತಾಗ ನಕ್ಕವರೇ ಈಗ ಸಿಡಿ ಹಿಡಿದು ನನ್ನ ಅಂಗಡಿಗೆ ಬರ್ತಾರೆ. ಆದರೆ ಅದನ್ನು ಬದುಕಿಸಿಡೋಕೆ ಏನೇನಾಗಿದೆ ಕೇಳಿ. ಕರೆಂಟ್ ಕೊಡುವ ಎಸ್‌ಎಂಪಿಎಸ್ ಡಬ್ಬಿ ಸುಟ್ಟಿತು, 650. ಮದರ್‌ಬೋರ್ಡಿನ ಕೆಪಾಸಿಟರ್ ಉಬ್ಬಿದ್ದವು, ಅದಕ್ಕೆ 400. ಹಳೇ 40 ಜಿಬಿ ಐಡಿಇ ಹಾರ್ಡ್‌ಡಿಸ್ಕ್ ಬೆಂಗಳೂರಿನಿಂದ ತರಿಸಿದೆ, 900 ಕೊಟ್ಟೆ, ಬಂದದ್ದು ಸತ್ತಿತ್ತು. ವಾಪಸ್ ತಗೊಳ್ಳಲ್ಲ ಅಂದ ಪುಣ್ಯಾತ್ಮ. ಇನ್ನೊಂದಕ್ಕೆ 1,200. ಕೊರಿಯರ್ ಬೇರೆ. ಇಷ್ಟೆಲ್ಲ ಯಾಕೆ ಅಂದರೆ ನಮ್ಮ ಕನ್ನಡ ಸಾಫ್ಟ್‌ವೇರಿಗೆ ಪ್ರಿಂಟರ್ ಪೋರ್ಟಿಗೆ ಚುಚ್ಚುವ ಲಾಕ್ ಬೇಕು, ಅದಿಲ್ಲದೆ ಓಡಲ್ಲ. ಹೊಸ ಮಷೀನಿನಲ್ಲಿ ಆ 25 ಪಿನ್ನಿನ ಪೋರ್ಟೇ ಇಲ್ಲ. ಯುಎಸ್‌ಬಿ ಕನ್ವರ್ಟರ್ ಹಾಕಿದೆ. ಪ್ರಿಂಟರ್ ಓಡಿತು, ಲಾಕ್ ಓದಲಿಲ್ಲ. ಪೇಜ್‌ಮೇಕರ್ 7 ಒಳಗೆ 6.5ರ ಫೈಲು ಆರಾಮಾಗಿ ತೆರೆಯುತ್ತೆ ತಂಗಿ, ಅದೇನು ದೊಡ್ಡ ವಿಷಯ ಅಲ್ಲ. ಫಾಂಟು ಇದ್ದವನೇ ರಾಜ.

ಹರಿಹರದ ಮೇಷ್ಟ್ರು:
ಸಿಡಿ ಕಥೆ ಬಿಡಿ. ನಮ್ಮ ತಂದೆಯವರ ದೊಡ್ಡಾಟದ ಪ್ರಸಂಗ ಹೀಗೇ ಸಿಕ್ಕಿಕೊಂಡಿತ್ತು. ಸಿಡಿಯ ಬೆನ್ನಿನ ಪದರ ಎದ್ದು ಹೋಗಿ ಅರ್ಧ ಫೈಲು ಕಾಪಿಯೇ ಆಗಲಿಲ್ಲ. ಮತ್ತೆ ಟೈಪ್ ಮಾಡಿಸಿದೆ, ಪುಟಕ್ಕೆ 30 ರೂಪಾಯಿ. ಕರಡು ತಿದ್ದುವಾಗ ನೋಡಿದರೆ ಟೈಪಿಸ್ಟ್ ಹುಡುಗ ‘ಬಂದಾನ’ ಇದ್ದಲ್ಲೆಲ್ಲ ‘ಬಂದನು’ ಮಾಡಿದ್ದಾನೆ. ‘ಹೋಗತೀನಿ’ ಎಲ್ಲ ‘ಹೋಗುತ್ತೇನೆ’ ಆಗಿದೆ. ಕೇಳಿದರೆ ‘ಸರ್, ತಪ್ಪಿತ್ತು, ಸರಿ ಮಾಡಿದೆ’ ಅಂತಾನೆ! ಹಾಡಿಗೆ ಕೂರುವುದೇ ಇಲ್ಲ, ತಾಳ ತಪ್ಪುತ್ತೆ. ತಿದ್ದೋಕೆ ಪುಟಕ್ಕೆ ಮತ್ತೆ 10 ರೂಪಾಯಿ ಕೇಳಿದ. ಅವನ ತಪ್ಪಿಗೆ ನಾನು ದುಡ್ಡು ಕೊಡಬೇಕಾ? ಕೊಟ್ಟೆ, ಬೇರೆ ದಾರಿ ಇರಲಿಲ್ಲ. ಸೋಬಾನೆ ಪದ ಅಂದ್ರಲ್ಲ, ಟೈಪಿಂಗಿಗೆ ಕೊಡೋ ಮುಂಚೆ ಇದು ನೆನಪಿರಲಿ.

ಕೋಟೆ ಕೆಳಗಿನವನು:
ಮ್ಯೂಸಿಯಂ ಇಟ್ಟುಕೊಂಡು ಎಷ್ಟು ದಿನ ನಡೆಸ್ತೀರಿ ಮಂಡಿಪೇಟೆಯವರೇ? ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಅದೇ ಕೊನೆ. ನಾನು ಬೇರೆ ದಾರಿ ಹಿಡಿದೆ. ಪುಟ ಜೋಡಿಸುವ ಇನ್ನೊಂದು ಸಾಫ್ಟ್‌ವೇರ್ ಇನ್‌ಡಿಸೈನ್, ಅದರ ಸಿಎಸ್6 ಆವೃತ್ತಿ ಪೇಜ್‌ಮೇಕರ್ ಫೈಲು ತೆರೆಯುತ್ತೆ. ಅದರ ನಂತರ ಬಂದ ಸಿಸಿ ತೆರೆಯಲ್ಲ, ಇದು ಗೊತ್ತಿಲ್ಲದೆ ಜನ ತಿಂಗಳ ಚಂದಾ ಕಟ್ಟಿ ಕೂರ್ತಾರೆ. ಅಲ್ಲಿಂದ ಅಕ್ಷರ ತೆಗೆದು ಯೂನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರ್, ಮೊಬೈಲಿಗೂ ಅರ್ಥವಾಗುವ ಅಕ್ಷರ ಸಂಕೇತಕ್ಕೆ ಪರಿವರ್ತಿಸಿದೆ. ಕನ್ನಡ ಟೈಪಿಂಗ್ ಸಾಫ್ಟ್‌ವೇರುಗಳಾದ ನುಡಿ, ಬರಹದ ಹಳೇ ಫಾಂಟಾದರೆ ಕನ್ವರ್ಟರ್ ಸಲೀಸು. ಇನ್ನೊಂದು ಕನ್ನಡ ಸಾಫ್ಟ್‌ವೇರ್ ಶ್ರೀಲಿಪಿಯ ಅಕ್ಷರ ಜೋಡಣೆಯೇ ಬೇರೆ. ಅದನ್ನು ನುಡಿ ಕನ್ವರ್ಟರಿಗೆ ಹಾಕಿದರೆ ಕಸ ಬರುತ್ತೆ. ಸರಿಯಾದ ಕನ್ವರ್ಟರ್ ಸಿಕ್ಕರೂ ಅರ್ಕಾವತ್ತು ಅಲ್ಲಲ್ಲಿ ಮುಂದಿನ ಅಕ್ಷರಕ್ಕೆ ಹಾರಿಬಿಡುತ್ತೆ. ನಡುವೆ ಇಂಗ್ಲಿಷ್ ಪದ ಇದ್ದರೆ ಅದೂ ಕನ್ನಡದ ಕಿಚಡಿ. ನಮ್ಮ ಸಂಘದ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ದಾನಿಗಳ ಇನಿಶಿಯಲ್ ಎಲ್ಲ ಇಂಗ್ಲಿಷಿನಲ್ಲಿತ್ತು. ಒಬ್ಬೊಬ್ಬರದ್ದೂ ಕೂತು ಸರಿ ಮಾಡಿದೆ. ಒಬ್ಬ ದಾನಿಯ ಹೆಸರು ತಪ್ಪಿ ಇವತ್ತಿಗೂ ಅವರು ಮಾತಾಡಿಸಲ್ಲ, ಇರಲಿ. ಈಗ ಆ ಸಂಚಿಕೆಯಲ್ಲಿ ಯಾವ ಪದ ಹುಡುಕಿದರೂ ಸಿಗುತ್ತೆ, ಮೊಬೈಲಲ್ಲೂ ಓದಬಹುದು.

ಮಂಡಿಪೇಟೆ ಡಿಟಿಪಿ:
ಮರುಮುದ್ರಣ ಅಂದ್ರೆ ಏನು ಅಂತ ಮೊದಲು ತಿಳ್ಕೊಳ್ಳಿ. ಹಳೇ ಪುಟ ಹಾಗೇ ಅಚ್ಚಾಗಬೇಕು ಅಷ್ಟೇ. ಫೈಲು ತೆರೆದು, ಫಾಂಟು ಒಳಗೇ ಸೇರಿಸಿ ಪಿಡಿಎಫ್ ಮಾಡಿ ಪ್ರೆಸ್ಸಿಗೆ ಕೊಟ್ಟರೆ ಮುಗೀತು. ಒಂದು ಅಕ್ಷರವೂ ಅಲುಗಾಡಲ್ಲ. ಯೂನಿಕೋಡು, ಅರ್ಕಾವತ್ತು ಅಂತ ಹೆದರಿಸಬೇಡಿ.

ಕೋಟೆ ಕೆಳಗಿನವನು:
ಆ ಪಿಡಿಎಫಿನಿಂದ ಒಂದು ಸಾಲು ಕಾಪಿ ಮಾಡಿ ತೋರಿಸಿ. ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಸ. ಇನ್ನು 20 ವರ್ಷಕ್ಕೆ ಮತ್ತೆ ಇದೇ ಗೋಳು. ಅಷ್ಟಕ್ಕೂ ನಿಮ್ಮ ಪೇಜ್‌ಮೇಕರಿಗೆ ಬಿಲ್ ಇದೆಯಾ?

ಮಂಡಿಪೇಟೆ ಡಿಟಿಪಿ:
ಬಿಲ್ ಕೇಳೋಕೆ ನೀವ್ಯಾರು? ಲಾಕ್‌ಗೆ ದುಡ್ಡು ಕೊಟ್ಟಿದ್ದೀನಿ. ನಿಮ್ಮ ಸಿಎಸ್6 ಎಲ್ಲಿಂದ ಬಂತು, ಅದನ್ನೂ ಹೇಳಿ ಮತ್ತೆ.

ಎಪಿಎಂಸಿ ಗುಮಾಸ್ತ:
ನಿಮ್ಮದು ಪುಸ್ತಕ, ನಮ್ಮದು ಲೆಕ್ಕ. ಪಾಲುದಾರರ ಜಗಳಕ್ಕೆ ಹಳೇ ಲೆಕ್ಕ ಬೇಕಾಯ್ತು. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ, ಅದರ 7.2ರ ಡೇಟಾ. ಅದರ ಮುಂದಿನ ಆವೃತ್ತಿ ಇಆರ್‌ಪಿ 9ರಲ್ಲಿ ನೇರ ತೆರೆಯಲ್ಲ, ಮೈಗ್ರೇಷನ್ ಟೂಲಿನಿಂದ ಮೊದಲು ಬದಲಾಯಿಸಬೇಕು. ಟೂಲ್ ಹಾಕಲು ಬಂದವನು 2,500 ಕೇಳಿದ. ಎಲ್ಲಾ ಆದಮೇಲೆ ಪಾಸ್‌ವರ್ಡ್! ಅದು ಗೊತ್ತಿದ್ದ ಹಿರಿಯ ಗುಮಾಸ್ತರು ತೀರಿಕೊಂಡಿದ್ದರು. ಅವರ ಹಳೇ ಡೈರಿಯಲ್ಲಿ ಸಿಕ್ಕಿತು, ಇಲ್ಲದಿದ್ದರೆ ಸಾಹುಕಾರರು ನನ್ನನ್ನೇ ಕೋರ್ಟಿಗೆ ಎಳೀತಿದ್ದರು. ಆಮೇಲೆ ಪ್ರತಿ ವರ್ಷ ಮಾರ್ಚಿಗೆ ಲೆಡ್ಜರ್ ಪೂರಾ ಕಾಗದಕ್ಕೆ ಇಳಿಸ್ತೀವಿ.

ಜಗಳೂರು ಟೀಚರ್:
ಅಕ್ಕ, ಇವರ ಜಗಳದಲ್ಲಿ ನಿಮಗೆ ಉತ್ತರ ಸಿಗಲ್ಲ. ಲಿಬ್ರೆಆಫೀಸ್ ಡ್ರಾ ಅನ್ನೋ ಸಾಫ್ಟ್‌ವೇರ್ ಉಚಿತ, ಪೇಜ್‌ಮೇಕರ್ ಫೈಲು ತೆರೆಯುತ್ತೆ. ಪುಟದ ಅಂದ ಕೆಡಬಹುದು, ಆದರೆ ಫಾಂಟಿನ ಹೆಸರು ಅದರಲ್ಲೇ ಗೊತ್ತಾಗುತ್ತೆ. ಬಿಆರ್‌ಎಚ್ ಅಂತ ಇದ್ದರೆ ಬರಹ, ನುಡಿ ಅಂತಲೇ ಇದ್ದರೆ ನುಡಿ. ಇರುವ ಪ್ರತಿಯನ್ನು ಸ್ಕ್ಯಾನ್ ಮಾಡಿ ಗೂಗಲ್ ಡ್ರೈವಿಗೆ ಹಾಕಿದರೆ ಕನ್ನಡವನ್ನೂ ಓದಿಕೊಡುತ್ತೆ, ಕಳೆದ ಪುಟಕ್ಕೆ ಮಾತ್ರ ಸಿಡಿ ನಂಬಿ. ನನ್ನ ಗೋಳು ಬೇರೆ. ಮಕ್ಕಳಿಗೆ ತೋರಿಸ್ತಿದ್ದ ಗಣಿತದ ಪಾಠಗಳೆಲ್ಲ ಚಲಿಸುವ ಚಿತ್ರ ಓಡಿಸುವ ಹಳೇ ಸಾಫ್ಟ್‌ವೇರ್ ಫ್ಲ್ಯಾಶಿನಲ್ಲಿದ್ದವು. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಪ್ಲೇಯರ್ ನಿಂತಿತು, ಜನವರಿ 12ರಿಂದ ಓಡೋದೇ ಬಂದ್. ಹಳೇ ಫ್ಲ್ಯಾಶ್ ಫೈಲು ಓಡಿಸೋಕೆ ರಫಲ್ ಅಂತ ಒಂದು ಸಾಫ್ಟ್‌ವೇರ್ ಇದೆ, ಅದರಲ್ಲಿ ಕೆಲವು ಓಡಿದವು. ಭಿನ್ನರಾಶಿಯ ಪಾಠ ಮಾತ್ರ ಬಿಳಿ ಪರದೆ. ಅದೇ ಮಕ್ಕಳಿಗೆ ಜಾಸ್ತಿ ಬೇಕಾಗಿದ್ದು.

ಹರಿಹರದ ಮೇಷ್ಟ್ರು:
ಗೂಗಲ್ ಓದಿದ್ದನ್ನೂ ಮನುಷ್ಯರೇ ತಿದ್ದಬೇಕು ಟೀಚರ್. ಹಳ್ಳಿ ಮಾತು ಅದಕ್ಕೂ ಅರ್ಥ ಆಗಲ್ಲ. ಅಂದಹಾಗೆ ಮಂಡಿಪೇಟೆಯವರೇ, ನಿಮ್ಮಲ್ಲಿ ಟೈಪಿಂಗ್ ಪುಟಕ್ಕೆ ಎಷ್ಟು?

ಮಂಡಿಪೇಟೆ ಡಿಟಿಪಿ:
35. ಪ್ರೂಫ್ ಸೇರಿ.

ಹರಿಹರದ ಮೇಷ್ಟ್ರು:
35ಆ? ದುರ್ಗದಲ್ಲಿ 25ಕ್ಕೆ ಮಾಡ್ತಾರಂತೆ.

ಮಂಡಿಪೇಟೆ ಡಿಟಿಪಿ:
ಹಾಗಾದರೆ ಅಲ್ಲೇ ಕೊಡಿ ಮೇಷ್ಟ್ರೇ. ‘ಬಂದನು’ ಅಂತ ಬಂದರೆ ನನ್ನ ಅಂಗಡಿಗೆ ತಿದ್ದೋಕೆ ತರಬೇಡಿ.