ಆಸ್ಟರಿಸ್ಕ್ ಹಾಕಿರೋರು ಸ್ವಲ್ಪ ಅನುಭವ ಹೇಳಿ, ಮಾತು ಒಂದೇ ಕಡೆ ಕೇಳಿಸ್ತಿದೆ

ನಮಸ್ಕಾರ. ಕ್ಲೌಡ್ ಸರ್ವರ್‌ನಲ್ಲಿ ಆಸ್ಟರಿಸ್ಕ್ (ಇಂಟರ್ನೆಟ್ ಮೇಲೆ ಆಫೀಸ್ ಫೋನ್ ಎಕ್ಸ್‌ಚೇಂಜ್ ನಡೆಸೋ ಸಾಫ್ಟ್‌ವೇರ್) ಹಾಕಿ ಆಫೀಸಿಗೆ ಹತ್ತು ಎಕ್ಸ್‌ಟೆನ್ಶನ್ (ಒಳಗಿನ ಫೋನ್ ನಂಬರ್) ಕೊಡೋ ಪ್ಲಾನು. ಟೆಸ್ಟ್ ಕಾಲ್ ಹೋಗುತ್ತೆ, ರಿಂಗ್ ಆಗುತ್ತೆ, ಎತ್ತಿದ್ರೆ ಒಂದು ಕಡೆ ಮಾತ್ರ ಕೇಳ್ಸುತ್ತೆ. ಫ್ರೀಪಿಬಿಎಕ್ಸ್ (ಆಸ್ಟರಿಸ್ಕನ್ನ ಬ್ರೌಸರ್‌ನಲ್ಲೇ ಸೆಟ್ ಮಾಡೋ ಸಾಫ್ಟ್‌ವೇರ್) ಹಾಕ್ಕೊಂಡ್ರೆ ಸರಿ ಹೋಗುತ್ತಾ?

— ಫ್ರೀಪಿಬಿಎಕ್ಸ್ ಹಾಕ್ಕೊಂಡ ಮಾತ್ರಕ್ಕೆ ಸರಿ ಹೋಗಲ್ಲ ಸರ್, ಇದು ನ್ಯಾಟ್ ಸಮಸ್ಯೆ, ಅಂದ್ರೆ ಒಳಗಿನ ಪ್ರೈವೇಟ್ ಐಪಿನ ಹೊರಗಿನ ಪಬ್ಲಿಕ್ ಐಪಿಗೆ ಬದಲಾಯಿಸೋ ಕಡೆ ಆಗೋ ಎಡವಟ್ಟು. ಕಾಲ್ ಕೂಡಿಸೋ ಸಿಪ್ ಮೆಸೇಜು 5060 ಪೋರ್ಟ್‌ನಲ್ಲಿ ಓಡಾಡುತ್ತೆ, ಮಾತು ಬೇರೆನೇ ಯುಡಿಪಿ ಪೋರ್ಟ್‌ಗಳಲ್ಲಿ, ಸಾಮಾನ್ಯವಾಗಿ 10000ದಿಂದ 20000ದ ಒಳಗೆ ಹೋಗುತ್ತೆ, ಅದಕ್ಕೇ ರಿಂಗ್ ಆದ್ರೂ ಮಾತು ಬರಲ್ಲ. ಕ್ಲೌಡ್‌ನಲ್ಲಿ ಎಷ್ಟೋ ಸಲ ಸರ್ವರ್‌ಗೆ ತನ್ನ ಪಬ್ಲಿಕ್ ಐಪಿ ಗೊತ್ತೇ ಇರಲ್ಲ, ಪ್ರೈವೇಟ್ ಐಪಿನೇ ಫೋನಿಗೆ ಹೇಳ್ಬಿಡುತ್ತೆ, ಫೋನು ಪಾಪ ಅಲ್ಲಿಗೇ ಮಾತು ಕಳಿಸ್ತಾ ಕೂರುತ್ತೆ. ಸೆಟ್ಟಿಂಗ್‌ನಲ್ಲಿ ಎಕ್ಸ್‌ಟರ್ನಲ್ ಅಡ್ರೆಸ್ (ಪಬ್ಲಿಕ್ ಐಪಿ), ಲೋಕಲ್ ನೆಟ್‌ವರ್ಕ್ (ಸರ್ವರ್‌ನ ಒಳಗಿನ ನೆಟ್‌ವರ್ಕ್) ಎರಡೂ ಸರಿಯಾಗಿ ತುಂಬಿ, ಡೈರೆಕ್ಟ್ ಮೀಡಿಯಾ (ಸರ್ವರ್ ಬಿಟ್ಟು ಫೋನುಗಳೇ ನೇರ ಮಾತು ಕಳಿಸೋದು) ಆಫ್ ಮಾಡಿ, ಆಫೀಸ್ ರೌಟರ್‌ನಲ್ಲಿ ಸಿಪ್ ಎಎಲ್‌ಜಿ (ರೌಟರೇ ಸಿಪ್ ಮೆಸೇಜು ತಿದ್ದೋ ಸೌಲಭ್ಯ) ಇದ್ರೆ ಅದನ್ನೂ ಆಫ್ ಮಾಡಿ. ಟ್ರಂಕ್ (ಹೊರಗಿನ ನಂಬರ್‌ಗಳಿಗೆ ಕಾಲ್ ಹೋಗೋ ಲೈನು) ತಂಟೆಗೆ ಈಗ್ಲೇ ಹೋಗ್ಬೇಡಿ. ಫ್ರೀಪಿಬಿಎಕ್ಸ್‌ನಲ್ಲಿ ಸ್ಟಾರ್ 43 ಒತ್ತಿದ್ರೆ ನಿಮ್ ಮಾತು ನಿಮಗೇ ವಾಪಸ್ ಕೇಳ್ಸುತ್ತೆ, ಅಷ್ಟು ಬಂದ್ಮೇಲೆ ಮುಂದಿನದು.

— ಮೇಲಿನವರು ಹೇಳಿದ್ದು ಸರಿ. ಇನ್ನೊಂದು, ಹಳೇ ಟ್ಯುಟೋರಿಯಲ್ ನೋಡಿ ಸಿಪ್ ಡಾಟ್ ಕಾನ್ಫ್ ಅನ್ನೋ ಸೆಟ್ಟಿಂಗ್ ಫೈಲ್ ಬರೀತಿದ್ರೆ ಬಿಟ್ಬಿಡಿ, ಅದನ್ನ ಬಳಸೋ ಚಾನ್ ಸಿಪ್ ಅನ್ನೋ ಹಳೇ ಸಿಪ್ ಮಾಡ್ಯೂಲನ್ನ ಆಸ್ಟರಿಸ್ಕ್ 21ರಲ್ಲಿ ತೆಗೆದೇ ಹಾಕಿದಾರೆ, ಅದರ ಬದಲು ಈಗೇನಿದ್ರೂ ಪಿಜೆಸಿಪ್. ಬ್ಯಾಂಡ್‌ವಿಡ್ತ್ ಚಿಂತೆ ಬೇಡ, ಜಿ.711 ಕೋಡೆಕ್‌ನಲ್ಲಿ (ಮಾತನ್ನ ಡೇಟಾ ಮಾಡೋ ಒಂದು ವಿಧಾನ) ಒಂದು ಕಾಲಿಗೆ ಒಂದೊಂದು ದಿಕ್ಕಿಗೂ ಹೆಚ್ಚುಕಮ್ಮಿ 87 ಕೆಬಿಪಿಎಸ್, ಹತ್ತೂ ಜನ ಒಟ್ಟಿಗೆ ಮಾತಾಡಿದ್ರೂ ಒಂದು ದಿಕ್ಕಿಗೆ 1 ಎಂಬಿಪಿಎಸ್ ದಾಟಲ್ಲ.

— ದಯವಿಟ್ಟು ಸೆಕ್ಯುರಿಟಿ ಆಮೇಲೆ ನೋಡೋಣ ಅನ್ಬೇಡಿ. 5060 ತೆರೆದಿಟ್ರೆ ಸ್ಕ್ಯಾನ್ ಮಾಡೋ ಬಾಟ್‌ಗಳು ಬಂದು ಪಾಸ್‌ವರ್ಡ್ ಊಹೆ ಮಾಡೋಕೆ ಶುರು ಮಾಡ್ತವೆ, 101 ನಂಬರಿಗೆ ಪಾಸ್‌ವರ್ಡೂ 101 ಅಂತಿದ್ರೆ ಮುಗೀತು, ರಾತ್ರೋರಾತ್ರಿ ಫಾರಿನ್ ಕಾಲ್ ಮಾಡಿ ಬಿಲ್ ನಿಮ್ ತಲೆಗೆ ಕಟ್ತಾರೆ. ನಾನು ಯಾವಾಗ್ಲೂ ಮಾಡೋದು, ಫೈರ್‌ವಾಲ್‌ನಲ್ಲಿ ಆಫೀಸ್ ಐಪಿಗೂ ಟ್ರಂಕ್ ಕೊಡೋರ ಐಪಿಗೂ ಮಾತ್ರ ದಾರಿ, ಹೊರಗಿಂದ ಬಳಸೋರಿಗೆ ವಿಪಿಎನ್, ಜೊತೆಗೆ ಫೇಲ್‌ಟುಬ್ಯಾನ್ (ಪದೇ ಪದೇ ತಪ್ಪು ಪಾಸ್‌ವರ್ಡ್ ಹಾಕೋ ಐಪಿನ ತಡೆಯೋ ಟೂಲ್). ಅಡ್ಮಿನ್ ಪೇಜನ್ನಂತೂ ಇಂಟರ್ನೆಟ್‌ಗೆ ತೆರೀಲೇಬೇಡಿ. ಐಎಸ್‌ಡಿ ಬೇಡ ಅಂದ್ರೆ ಟ್ರಂಕ್ ಕೊಡೋರ ಹತ್ರನೇ ಬಂದ್ ಮಾಡಿಸಿ, ನಿಮ್ ಸರ್ವರ್ ಹ್ಯಾಕ್ ಆದ್ರೂ ಅಲ್ಲಿ ತಡೆ ಇರುತ್ತೆ.

— ಇಷ್ಟೆಲ್ಲಾ ಮಾಡಿಯೂ ಮಾತು ಕೇಳ್ಸದೇ ಇದ್ರೆ ಎಸ್‌ಎನ್‌ಗ್ರೆಪ್ (ಸಿಪ್ ಮೆಸೇಜು ತೋರ್ಸೋ ಟೂಲ್) ಹಾಕ್ಕೊಂಡು ಒಂದು ಕಾಲ್ ಮಾಡಿ ನೋಡಿ, ಇನ್ವೈಟ್‌ಗೆ (ಕಾಲ್ ಶುರು ಮಾಡೋ ಸಿಪ್ ಮೆಸೇಜಿಗೆ) ಸರ್ವರ್‌ನಿಂದ ಬಂದ ಉತ್ತರದಲ್ಲಿ ಸಿ ಈಕ್ವಲ್ ಅಂತ ಶುರುವಾಗೋ ಸಾಲಲ್ಲಿ ಯಾವ ಐಪಿ ಇದೆ ಅಂತ ಇಲ್ಲಿ ಹಾಕಿ. ಅದು 10 ಇಲ್ಲ 192.168ರಿಂದ ಶುರುವಾಗಿದ್ರೆ ಎಕ್ಸ್‌ಟರ್ನಲ್ ಅಡ್ರೆಸ್ ಇನ್ನೂ ಹಿಡಿದಿಲ್ಲ, ಸೆಟ್ಟಿಂಗ್ ಉಳಿಸಿ ಆಸ್ಟರಿಸ್ಕ್ ರೀಸ್ಟಾರ್ಟ್ ಮಾಡಿ, ಬರೀ ರೀಲೋಡ್ ಸಾಕಾಗಲ್ಲ.