ಲಾಗೌಟ್ ರೆಕಾರ್ಡ್ ಬರೆದ್ರೂ ಲಾಸ್ಟ್ ಕಮಾಂಡಲ್ಲಿ "ಗಾನ್ - ನೋ ಲಾಗೌಟ್" ಅಂತ ಬರ್ತಿದೆ, ಯಾಕೆ?

ಸೀರಿಯಲ್_ಪೋರ್ಟ್:
ನಮಸ್ಕಾರ ಎಲ್ರಿಗೂ. ಉಬುಂಟು 24.04 ಮೇಲೆ ಸೀರಿಯಲ್ ಕನ್ಸೋಲ್‌ಗೆ ಅಂತ ಸಿ ಭಾಷೇಲಿ ಚಿಕ್ಕ ಲಾಗಿನ್ ಪ್ರೋಗ್ರಾಂ ಬರೀತಿದೀನಿ. ಲಾಗಿನ್ ಆದಾಗ ಯುಟಿಎಂಪಿಎಕ್ಸ್ ಸ್ಟ್ರಕ್ಟ್ (ಒಂದು ಲಾಗಿನ್ ವಿವರ ಇರೋ ರೆಕಾರ್ಡ್) ತುಂಬಿ, ಟೈಪ್ ಯೂಸರ್ ಪ್ರಾಸೆಸ್ ಅಂತ ಕೊಟ್ಟು ಯುಟಿಎಂಪಿ (ಈಗ ಯಾರಿದ್ದಾರೆ ಅನ್ನೋ ಫೈಲು), ಡಬ್ಲ್ಯುಟಿಎಂಪಿ (ಲಾಗಿನ್, ಲಾಗೌಟ್ ಇತಿಹಾಸದ ಫೈಲು) ಎರಡಕ್ಕೂ ಬರೀತೀನಿ, ಅದು ಸರಿಯಾಗಿದೆ. ಲಾಗೌಟಲ್ಲಿ ಸ್ಟ್ರಕ್ಟ್ ಪೂರ್ತಿ ಮೆಮ್‌ಸೆಟ್ ಮಾಡಿ (ಸೊನ್ನೆ ತುಂಬಿ), ಡೆಡ್ ಪ್ರಾಸೆಸ್ ಅಂತ ಇಟ್ಟು, ಟೈಮ್ ಹಾಕಿ ಮತ್ತೆ ಎರಡಕ್ಕೂ ಬರೀತೀನಿ. ಈಗ ಯಾರಿದ್ದಾರೆ ಅಂತ ತೋರ್ಸೋ ಹೂ ಕಮಾಂಡಲ್ಲಿ ಹೆಸರು ಹೋಗುತ್ತೆ, ಯಾರು ಯಾವಾಗ ಬಂದು ಹೋದ್ರು ಅಂತ ತೋರ್ಸೋ ಲಾಸ್ಟ್ ಹೊಡೆದ್ರೆ ಮಾತ್ರ ಮೇಲಿನ ಥರ ಬರುತ್ತೆ. ರೂಟ್ ಆಗೇ ರನ್ ಮಾಡ್ತಿರೋದು, ಪರ್ಮಿಶನ್ ತೊಂದ್ರೆ ಅಲ್ಲ.

ಹಳೇ_ಅಡ್ಮಿನ್:
ಆ ಮೆಮ್‌ಸೆಟ್ಟೇ ಕಾರಣ. ಡಬ್ಲ್ಯುಟಿಎಂಪಿ ಅನ್ನೋದು ಕೊನೇಲಿ ಸೇರಿಸ್ಕೊಂಡೇ ಹೋಗೋ ಫೈಲು, ಅದರಲ್ಲಿ ಸೆಷನ್ ಅಂತ ಒಂದು ಇರಲ್ಲ, ಲಾಗಿನ್ ರೆಕಾರ್ಡ್ ಬೇರೆ ಲಾಗೌಟ್ ರೆಕಾರ್ಡ್ ಬೇರೆ, ಲಾಸ್ಟ್ ಅದನ್ನ ಹಿಂದಿನಿಂದ ಓದ್ಕೊಂಡು ಬಂದು ಯುಟಿ ಲೈನ್, ಅಂದ್ರೆ ಟಿಟಿವೈ (ಟರ್ಮಿನಲ್) ಹೆಸರು, ಒಂದೇ ಇರೋದನ್ನ ಜೋಡಿ ಮಾಡುತ್ತೆ. ನಿಮ್ಮ ಲಾಗೌಟ್ ರೆಕಾರ್ಡಲ್ಲಿ ಲೈನೇ ಖಾಲಿ. ಜೋಡಿ ಸಿಗಲ್ಲ, ಪಿಐಡಿ (ಪ್ರಾಸೆಸ್ ನಂಬರ್) ನೋಡಿದ್ರೆ ಪ್ರಾಸೆಸ್ಸೂ ಇಲ್ಲ, ಹಾಗಾಗಿ ಆ ಮೆಸೇಜು. ಲೈನ್, ಐಡಿ, ಪಿಐಡಿ ಲಾಗಿನ್‌ನಲ್ಲಿದ್ದ ಹಾಗೇ ಉಳಿಸಿ. ಟೈಪ್, ಟೈಮ್ ಬದಲಿಸಿ, ಯೂಸರ್ ಹೆಸರು ಖಾಲಿ ಮಾಡಿ ಸಾಕು.

ಶೆಲ್_ಪ್ರೇಮಿ:
ಹೂ ನೋಡಿ ಯುಟಿಎಂಪಿ ಸರಿಯಿದೆ ಅಂದ್ಕೋಬೇಡಿ ಸರ್. ಪಿಐಡಿ ಸತ್ತಿದ್ರೆ ಅದು ಆ ಎಂಟ್ರಿನ ತೋರ್ಸೋದೇ ಇಲ್ಲ, ಹಳೇ ರೆಕಾರ್ಡ್ ಮಾತ್ರ ಫೈಲಲ್ಲಿ ಹಾಗೇ ಕೂತಿರುತ್ತೆ, ಯಾಕಂದ್ರೆ ಯುಟಿಎಂಪಿಗೆ ಬರೆಯೋ ಪುಟ್‌ಯುಟಿಎಕ್ಸ್‌ಲೈನ್ ಫಂಕ್ಷನ್ ಯುಟಿ ಐಡಿ ಹಿಡ್ಕೊಂಡು ಹಳೇ ಜಾಗ ಹುಡುಕೋದು, ಐಡಿ, ಲೈನ್ ಎರಡೂ ಖಾಲಿ ಇದ್ರೆ ಇನ್ನೊಂದು ಕಡೆ ಬರೆದು ಬಿಡುತ್ತೆ. ಬರೆಯೋ ಮುಂಚೆ ಫೈಲಿನ ಶುರುವಿಗೆ ಒಯ್ಯೋ ಸೆಟ್‌ಯುಟಿಎಕ್ಸ್‌ಎಂಟ್ ಕರೀರಿ. ಇನ್ನೊಂದು, ಪ್ರೋಗ್ರಾಂ ತಾನೇ ಎಕ್ಸೆಕ್ ಆಗಿ ಶೆಲ್ ಆಗ್ಬಿಟ್ರೆ ಲಾಗೌಟ್ ಬರೆಯೋಕೆ ಯಾರೂ ಉಳಿಯಲ್ಲ. ಫೋರ್ಕ್ ಮಾಡಿ (ಶೆಲ್‌ಗೆ ಬೇರೆ ಪ್ರಾಸೆಸ್ ಹುಟ್ಟಿಸಿ), ಪೇರೆಂಟ್ ವೇಟ್ ಮಾಡ್ಕೊಂಡಿರ್ಲಿ. ಹೆಸರಿನ ಫೀಲ್ಡು 32 ಬೈಟ್, ಪೂರ್ತಿ ತುಂಬಿದ್ರೆ ಕೊನೇಲಿ ನಲ್ (ಹೆಸರು ಮುಗೀತು ಅನ್ನೋ ಸೊನ್ನೆ ಬೈಟ್) ಇರಲ್ಲ, ಪ್ರಿಂಟ್ ಮಾಡುವಾಗ ಹುಷಾರು.

ಡೆಬಿಯನ್_ಬಳಕೆದಾರ:
ಹೊಸದಾಗಿ ಬರೀತಿದೀರಾದ್ರೆ ಇದನ್ನೂ ನೋಡಿ. 64 ಬಿಟ್ x86 ಲಿನಕ್ಸಲ್ಲೂ ಈ ರೆಕಾರ್ಡಿನ ಟೈಮ್ 32 ಬಿಟ್ಟೇ, ಹಳೇ ಪ್ರೋಗ್ರಾಂಗಳಿಗೆ ಹೊಂದ್ಲಿ ಅಂತ ಜಿಲಿಬ್‌ಸಿ (ಲಿನಕ್ಸಿನ ಸಿ ಲೈಬ್ರರಿ) ಹಾಗೇ ಇಟ್ಟಿದೆ, ಅದನ್ನ ಸೈನ್ಡ್ ಸಂಖ್ಯೆ (ಮೈನಸ್ಸೂ ಇರಬಹುದಾದ್ದು) ಅಂತ ಓದೋ ಕಡೆ 2038 ಜನವರಿ 19ಕ್ಕೆ ಓವರ್‌ಫ್ಲೋ ಆಗುತ್ತೆ. ಅದಕ್ಕೇ ಡೆಬಿಯನ್ 13ರ ಯುಟಿಲ್-ಲಿನಕ್ಸ್ ಪ್ಯಾಕೇಜಲ್ಲಿ ಲಾಸ್ಟ್ ಕಮಾಂಡೇ ಇಲ್ಲ, ಬದಲಿಗೆ ಡಬ್ಲ್ಯುಟಿಎಂಪಿಡಿಬಿ ಇದೆ, ಎಸ್‌ಕ್ಯೂಲೈಟ್ ಡೇಟಾಬೇಸಲ್ಲಿ ಬರೆಯುತ್ತೆ. ಪ್ಯಾಮ್ (ಲಾಗಿನ್ ಪರಿಶೀಲನೆಗಿರೋ ಲೈಬ್ರರಿ) ಸೆಷನ್ ಓಪನ್, ಕ್ಲೋಸ್ ಎರಡನ್ನೂ ಸರಿಯಾಗಿ ಕರೆದ್ರೆ ಅದಕ್ಕೂ, ಸೆಷನ್‌ಗಳನ್ನ ನೋಡ್ಕೊಳ್ಳೋ ಸಿಸ್ಟಮ್‌ಡಿ ಲಾಗಿನ್‌ಡಿಗೂ ಅವುಗಳ ಪ್ಯಾಮ್ ಮಾಡ್ಯೂಲ್‌ಗಳೇ ತಿಳಿಸ್ತವೆ.

ಸೀರಿಯಲ್_ಪೋರ್ಟ್:
ಲೈನ್, ಐಡಿ ಉಳಿಸಿದ್ಮೇಲೆ ಲಾಸ್ಟಲ್ಲಿ ಲಾಗೌಟ್ ಟೈಮ್ ಸರಿಯಾಗಿ ಬಂತು, ಮೂವರಿಗೂ ತುಂಬಾ ಥ್ಯಾಂಕ್ಸ್. ಪ್ಯಾಮ್ ಕಡೆ ಈ ವಾರಾನೇ ಹೋಗ್ತೀನಿ.